ಮುತ್ತಜ್ಜನ ಜಾಡು ಹಿಡಿಯುವುದು ಹೇಗೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆತನಗಳಿಗೆ ಸಮಗ್ರ ಮಾರ್ಗದರ್ಶಿ

ತಾಲ್ಲೂಕು ಕಚೇರಿಯ ಅಭಿಲೇಖಾಲಯದ ಮುಂದೆ ನಿಂತು "ನಮ್ಮ ಮುತ್ತಜ್ಜನ ದಾಖಲೆ ಬೇಕಿತ್ತು ಸರ್" ಎಂದವರಿಗೆ ಸಿಗುವ ಉತ್ತರ ಒಂದೇ: "ಯಾವ ಊರು, ಯಾವ ಸರ್ವೆ ನಂಬರ್, ಯಾವ ವರ್ಷ?" ಊರೊಂದನ್ನು ಬಿಟ್ಟು ಬೇರೇನೂ ಹೇಳಲಾಗದವರು ಅಲ್ಲಿಂದಲೇ ಮನೆಗೆ ಮರಳುತ್ತಾರೆ. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ನೋಡಿದರೆ ಬಹುತೇಕ ಎಲ್ಲರೂ ಸೋಲುವುದು ಇದೇ ಜಾಗದಲ್ಲಿ. ಅವರು ಹೆಸರನ್ನು ಹುಡುಕುತ್ತಾರೆ.

ನಮ್ಮ ಕಡೆ ಹೆಸರಿನಷ್ಟು ದುರ್ಬಲವಾದ ಸುಳಿವು ಇನ್ನೊಂದಿಲ್ಲ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದಾಗಿ ಬಸಪ್ಪ ಬಿನ್ ಈರಪ್ಪ, ಈರಪ್ಪ ಬಿನ್ ಬಸಪ್ಪ ಎಂದು ನಾಲ್ಕು ತಲೆಮಾರು ಅದಲುಬದಲಾಗುತ್ತಲೇ ಹೋಗುತ್ತದೆ. ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಮೂವರು ಬಸಪ್ಪ ಬಿನ್ ಈರಪ್ಪ ಇರುವುದೂ ಉಂಟು. ಹೊಲ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹೇಳುವುದು ಒಂದೇ ಕ್ರಮ: ಇಂದಿನ ಜಮೀನಿನಿಂದ ಹೊರಟು ನಂಬರಿನ ಬೆನ್ನು ಹತ್ತಿ ಹಿಂದಕ್ಕೆ ಹೋಗಿ. ಹೆಸರನ್ನು ತಾಳೆ ನೋಡಲು ಮಾತ್ರ ಬಳಸಿ. ಹೊಲವೇ ಇಲ್ಲದ ಮನೆತನಗಳಿಗೆ ಬೇರೆ ದಾರಿಗಳಿವೆ, ಅವು ಎಂಟನೆಯ ಹಂತದಲ್ಲಿ ಬರುತ್ತವೆ.

ಹೊರಡುವ ಮುನ್ನ

ಒಬ್ಬನೇ ಹಿರಿಯನನ್ನು ಆರಿಸಿಕೊಳ್ಳಿ. ಇಡೀ ವಂಶವೃಕ್ಷ ಕಟ್ಟುತ್ತೇನೆ ಎಂದು ಹೊರಟವರು ಮೂರನೆಯ ಕಚೇರಿಯಲ್ಲಿಯೇ ಸುಸ್ತಾಗುತ್ತಾರೆ. ಕೈಯಲ್ಲಿ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್, ಭೂತಗನ್ನಡಿ, ಗುರುತಿನ ಚೀಟಿಯ ನಕಲುಗಳು, ಚೆನ್ನಾಗಿ ಫೋಟೊ ತೆಗೆಯುವ ಮೊಬೈಲ್ ಇದ್ದರೆ ಸಾಕು. ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿಯೂ ನಾಲ್ಕು ಅಂಕಣ ಹಾಕಿ: ಏನು ಸಿಕ್ಕಿತು, ಯಾವ ಕಚೇರಿಯಲ್ಲಿ, ಯಾವ ಪುಸ್ತಕದ ಯಾವ ಪುಟದಲ್ಲಿ, ಯಾವ ದಿನ ನೋಡಿದಿರಿ. ಹುಡುಕಿಯೂ ಸಿಗದಿದ್ದನ್ನೂ ಬರೆಯಿರಿ. ಇಲ್ಲವಾದರೆ ಮುಂದಿನ ವರ್ಷ ಅದೇ ರಜಿಸ್ಟರನ್ನು ಮತ್ತೆ ತಿರುವಿ ಹಾಕುತ್ತೀರಿ.

ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ದೃಢೀಕರಣ ಪತ್ರವನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ನೀವೇ ಕೊಟ್ಟ ಮಾಹಿತಿಯನ್ನು ಸ್ಥಳ ವಿಚಾರಣೆ ಮಾಡಿ, ವಾರಸುದಾರಿಕೆಯ ಕೆಲಸಕ್ಕಾಗಿ ಕೊಡುವ ಕಾಗದ ಅದು. ಹಳೆಯ ದಾಖಲೆ ಹುಡುಕುವುದಕ್ಕೆ ಅದರಿಂದ ಉಪಯೋಗವಿಲ್ಲ.

ಹಂತ 1: ಮನೆಯ ಟ್ರಂಕು, ಮನೆಯ ಹಿರಿಯರು

ಕಚೇರಿಗೆ ಮೊದಲು ಮನೆ. ಹಳೆಯ ಟ್ರಂಕು, ಜಗುಲಿಯ ಹಿಂದಿನ ಗೂಡು, ದೇವರ ಕೋಣೆಯ ಬಟ್ಟೆಗಂಟು ಇವುಗಳಲ್ಲಿ ಹುಡುಕಬೇಕಾದದ್ದು ಖರೀದಿ ಪತ್ರ, ವಾಟ್ನಿ (ಪಾಲು ವಿಭಾಗದ) ಪತ್ರ, ಹಕ್ಕುಸೋಡ (ಹಕ್ಕು ಬಿಟ್ಟುಕೊಟ್ಟ) ಪತ್ರ, ಪಟ್ಟಿ (ಭೂಕಂದಾಯ) ತುಂಬಿದ ಪಾವತಿ, ಸಹಕಾರ ಸಂಘದ ಸಾಲದ ಪುಸ್ತಕ, ಶಾಲೆ ಬಿಟ್ಟ ದಾಖಲೆ, ಮದುವೆಯ ಲಗ್ನಪತ್ರಿಕೆ. ಯಾವುದನ್ನೂ ಅಲ್ಲಿಂದ ಎತ್ತಿಕೊಂಡು ಹೋಗಬೇಡಿ. ಅಲ್ಲಿಯೇ ಬೆಳಕಿನಲ್ಲಿ ಹಿಡಿದು, ಹಾಳೆಯ ಎರಡೂ ಬದಿಗಳ ಫೋಟೊ ತೆಗೆಯಿರಿ. ಹಿಂಬದಿಯಲ್ಲಿ ನೋಂದಣಿ ಕಚೇರಿಯ ಮುದ್ರೆ, ನಂಬರು, ತಾರೀಖು ಇರುತ್ತವೆ. ಮುಂದೆ ಬೇಕಾಗುವುದು ಅವೇ.

ಹಿರಿಯರ ಬಳಿ ಕುಳಿತಾಗ "ನಿಮ್ಮ ಅಜ್ಜ ಯಾವ ವರ್ಷ ಹುಟ್ಟಿದ್ದರು?" ಎಂದು ಕೇಳುವುದು ವ್ಯರ್ಥ. ಇಸವಿ ಯಾರಿಗೂ ನೆನಪಿರುವುದಿಲ್ಲ, ಒತ್ತಾಯಿಸಿದರೆ ಯಾವುದೋ ಒಂದನ್ನು ಹೇಳಿಬಿಡುತ್ತಾರೆ. ಘಟನೆಗೆ ಗಂಟು ಹಾಕಿ ಕೇಳಿ. 1918ರ ಇನ್‌ಫ್ಲುಯೆಂಜಾದಲ್ಲಿ ಮನೆಯಲ್ಲಿ ಯಾರು ಹೋದರು? ಪ್ಲೇಗಿಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದಾಗ ಅಪ್ಪ ಹುಟ್ಟಿದ್ದನೇ? ರಜಾಕಾರರ ಗಲಾಟೆಯಲ್ಲಿ ಗಡಿಯಾಚೆಯ ನೆಂಟರು ಓಡಿಬಂದಾಗ ಅಜ್ಜ ಬದುಕಿದ್ದನೇ? 1972ರ ಬರಗಾಲದ ಕಾಮಗಾರಿಗೆ ಯಾರು ಹೋಗಿದ್ದರು? ಹೀಗೆ ಕೇಳಿದರೆ ಹುಟ್ಟು ಸಾವುಗಳು ಐದಾರು ವರ್ಷಗಳ ಅಂತರಕ್ಕೆ ಬಂದು ನಿಲ್ಲುತ್ತವೆ.

ಹೆಂಗಸರನ್ನು ಬಿಟ್ಟು ಗಂಡಸರನ್ನು ಮಾತ್ರ ಕೇಳುವುದು ಎರಡನೆಯ ದೊಡ್ಡ ತಪ್ಪು. ಹೊಲದ ಲೆಕ್ಕ ಕಾಕಾನಿಗೆ ಗೊತ್ತಿರಬಹುದು. ಯಾವ ಹೆಣ್ಣುಮಗಳನ್ನು ಯಾವ ಊರಿಗೆ ಕೊಟ್ಟರು, ಯಾರು ದತ್ತಕ ಹೋದರು, ಯಾರು ಮನೆಯಳಿಯನಾಗಿ ಬಂದರು ಎನ್ನುವುದು ಅಜ್ಜಿಗೆ, ಅತ್ತೆಗೆ ಗೊತ್ತು. ಇವುಗಳ ಜೊತೆಗೆ ಅಡ್ಡಹೆಸರು, ಬೆಡಗು (ವಂಶದ ಗುಂಪು), ಮನೆದೇವರು, ಗುರುಮನೆ ಯಾವ ಮಠದ್ದು, ಊರಿಗೆ ಬರುವ ಮುನ್ನ ಎಲ್ಲಿದ್ದರು ಎಂಬುದನ್ನೆಲ್ಲ ಬರೆದುಕೊಳ್ಳಿ. ಕೊನೆಗೆ ಹೊಲಗಳ ಹೆಸರು: ಎರೆಹೊಲ, ಮಡ್ಡಿಹೊಲ, ಹಳ್ಳದ ಹೊಲ, ಬನ್ನಿಗಿಡದ ಹೊಲ. ಪ್ರತಿಯೊಂದರ ಪಕ್ಕದಲ್ಲಿಯೂ ಈಗಿನ ಸರ್ವೆ ನಂಬರು ಬರೆಯಿರಿ. ಮಾರಿಹೋದ ಹೊಲಗಳನ್ನು ಬಿಡಬೇಡಿ. ಮುತ್ತಜ್ಜನ ಕಾಲದ ಹೊಲ ಈಗ ಬೇರೆಯವರ ಖಾತೆಯಲ್ಲಿರುವುದೇ ಹೆಚ್ಚು.

ಹಂತ 2: ಊರು ಆಗ ಯಾರ ಆಡಳಿತದಲ್ಲಿತ್ತು?

ಈ ಹಂತವನ್ನು ಹಾರಿಸಿದವರು ತಪ್ಪು ಊರಿನ ಕಚೇರಿಯಲ್ಲಿ ದಿನ ಕಳೆಯುತ್ತಾರೆ. ದಾಖಲೆ ಇರುವುದು ಆ ಕಾಲದ ಆಡಳಿತದ ಜಾಡಿನಲ್ಲಿ. ಇಂದಿನ ನಕ್ಷೆ ಇಲ್ಲಿ ದಾರಿ ತಪ್ಪಿಸುತ್ತದೆ.

ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುನ್ನ ಬಾದಾಮಿ, ಹುನಗುಂದ, ಬಾಗಲಕೋಟೆ, ಮುಧೋಳ, ಜಮಖಂಡಿ ಎಲ್ಲವೂ ವಿಜಯಪುರದ, ಅಂದರೆ ಆಗಿನ ಬಿಜಾಪುರದ ಭಾಗ. 1880ರ ದಶಕದ ಮಧ್ಯದವರೆಗೆ ಜಿಲ್ಲಾ ಕೇಂದ್ರ ಇದ್ದದ್ದು ಕಲಾದಗಿಯಲ್ಲಿ, ಜಿಲ್ಲೆಯ ಹೆಸರೂ ಕಲಾದಗಿ. 1864ರಲ್ಲಿ ಆ ಜಿಲ್ಲೆ ಆಗುವ ಮುಂಚೆ ಇಲ್ಲಿನ ಕೆಲವು ತಾಲ್ಲೂಕುಗಳು ಬೆಳಗಾವಿಗೆ, ಕೆಲವು ಸೊಲ್ಲಾಪುರಕ್ಕೆ ಸೇರಿದ್ದವು. ಬೆಳಗಾವಿಯ ಕಡೆ ತಾಲ್ಲೂಕುಗಳ ಹೆಸರೇ ಬೇರೆ ಇದ್ದವು: ಸವದತ್ತಿಯ ಊರುಗಳನ್ನು ಪರಸಗಡ ತಾಲ್ಲೂಕಿನಲ್ಲಿ, ಬೈಲಹೊಂಗಲದವನ್ನು ಸಂಪಗಾಂವ ತಾಲ್ಲೂಕಿನಲ್ಲಿ ಹುಡುಕಬೇಕು. ಚಂದಗಡ 1956ರವರೆಗೆ ಬೆಳಗಾವಿ ಜಿಲ್ಲೆಯಲ್ಲಿತ್ತು, ಈಗ ಕೊಲ್ಹಾಪುರ ಜಿಲ್ಲೆಯಲ್ಲಿದೆ.

ಇದಕ್ಕಿಂತ ಹೆಚ್ಚು ಗೋಜಲು ಸಂಸ್ಥಾನಗಳದ್ದು. ವಿಲೀನವಾಗುವವರೆಗೆ ಮುಧೋಳ, ಜಮಖಂಡಿ, ರಾಮದುರ್ಗ ಪ್ರತ್ಯೇಕ ಸಂಸ್ಥಾನಗಳು. ರಾಯಬಾಗ ಕೊಲ್ಹಾಪುರದ್ದು. ತೇರದಾಳ, ರಬಕವಿ ಸಾಂಗ್ಲಿಯವು. ಬೆಳಗಾವಿ ಪೇಟೆಗೆ ಅಂಟಿಕೊಂಡ ಶಹಾಪುರವೂ ಸಾಂಗ್ಲಿ ಸಂಸ್ಥಾನದ್ದೇ. 1948ರಲ್ಲಿ, ಕೊಲ್ಹಾಪುರ ಮಾತ್ರ 1949ರಲ್ಲಿ, ಇವು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಆದ್ದರಿಂದ ಬೆಳಗಾವಿಯ ಮಾರುತಿ ಗಲ್ಲಿಯವರ ಹಳೆಯ ಕಾಗದ ಒಂದು ಜಾಡಿನಲ್ಲಿದ್ದರೆ, ನಡೆದೇ ಹೋಗಬಹುದಾದಷ್ಟು ಹತ್ತಿರದ ಶಹಾಪುರದವರದು ಇನ್ನೊಂದು ಜಾಡಿನಲ್ಲಿ ಇರುತ್ತದೆ.

ನೋಟ್‌ಬುಕ್ಕಿನಲ್ಲಿ ನಿಮ್ಮ ಊರಿನ ಹೆಸರಿನ ಕೆಳಗೆ ಮೂರು ಸಾಲು ಬರೆಯಿರಿ: 1880ರಲ್ಲಿ ಯಾವ ತಾಲ್ಲೂಕು ಅಥವಾ ಸಂಸ್ಥಾನ, 1930ರಲ್ಲಿ ಯಾವುದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದಾಗ ಯಾವುದು. 1884ರಲ್ಲಿ ಬಂದ ಬಾಂಬೆ ಗೆಜೆಟಿಯರಿನ ಬೆಳಗಾವಿ ಮತ್ತು ಬಿಜಾಪುರ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಮೊದಲ ಸಾಲಿಗೆ ಅವು ಸಾಕು. ಊರಿನ ಹೆಸರಿನ ಹಳೆಯ ಬರಹಗಳನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಮರಾಠಿ ಕಾರಕೂನನ ಕೈಯಲ್ಲಿ ಕನ್ನಡದ ಊರಿನ ಹೆಸರು ಅರ್ಧ ಬದಲಾಗಿರುತ್ತದೆ.

ಹಂತ 3: ಇಂದಿನ ಉತಾರದಿಂದ ಹಿಂದಕ್ಕೆ

ನಿಜವಾದ ಕೆಲಸ ಇಲ್ಲಿಂದ ಶುರು. ಸಮಯ ಕೊಡಬೇಕಾದದ್ದೂ ಇಲ್ಲಿಯೇ.

ಮೊದಲು ಸರ್ಕಾರದ ಭೂಮಿ ಜಾಲತಾಣದಲ್ಲಿ ಆ ಹೊಲದ ಈಗಿನ ಪಹಣಿ, ಅಂದರೆ ಉತಾರ ತೆಗೆಯಿರಿ. ಒಂಬತ್ತನೆಯ ಕಲಂನಲ್ಲಿ ಖಾತೆದಾರನ ಹೆಸರು, ಹತ್ತನೆಯ ಕಲಂನಲ್ಲಿ ಆ ಹಕ್ಕು ಹೇಗೆ ಬಂತು ಎಂಬ ವಿವರ ಮತ್ತು ಹಕ್ಕು ಬದಲಾವಣೆಯ ನಂಬರು ಇರುತ್ತದೆ. ನಮ್ಮ ಕಡೆ ಇದನ್ನು ಡೈರಿ ನಂಬರ್ ಎನ್ನುತ್ತಾರೆ. ಹೆಸರಿಗಿಂತ ಈ ನಂಬರು ಮುಖ್ಯ. ಆ ಡೈರಿಯ ನಕಲು ತೆಗೆದರೆ ಹಿಂದಿನ ಖಾತೆದಾರ ಯಾರು, ಯಾವಾಗ ಮಯತನಾದ, ವಾರಸುದಾರರು ಯಾರು ಎಂದು ಬರೆದಿರುತ್ತದೆ. ಅದರಲ್ಲಿ ಹಿಂದಿನ ಡೈರಿಯ ನಂಬರು ಸಿಗುತ್ತದೆ. ಅದನ್ನು ಹಿಡಿದು ಮತ್ತೊಂದು ಮೆಟ್ಟಿಲು ಹಿಂದಕ್ಕೆ. ಹೀಗೆ ಒಂದೊಂದಾಗಿ ಇಳಿಯಬೇಕು, ನಡುವೆ ಒಂದನ್ನೂ ಹಾರಿಸಬಾರದು.

ಕಂಪ್ಯೂಟರಿಗೆ ಮುಂಚಿನ ಕೈಬರಹದ ಪಹಣಿ ಮತ್ತು ಡೈರಿ ಪುಸ್ತಕಗಳು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಇರುತ್ತವೆ. ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲ್ಲೂಕಿನದು ಮುಗಿದಿದೆಯೇ ಎಂದು ಮೊದಲೇ ವಿಚಾರಿಸಿದರೆ ಧೂಳು ಕುಡಿಯುವುದು ತಪ್ಪುತ್ತದೆ. ನಕಲು ಅರ್ಜಿಯಲ್ಲಿ "ನಮ್ಮ ಪೂರ್ವಜರ ದಾಖಲೆ" ಎಂದು ಬರೆಯಬೇಡಿ. ಗ್ರಾಮ, ಸರ್ವೆ ನಂಬರ್, ಹಿಸ್ಸಾ ನಂಬರ್, ಡೈರಿ ನಂಬರ್, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಸ್ಪಷ್ಟವಾಗಿ ಬರೆಯಿರಿ.

1964ರಲ್ಲಿ ಮೈಸೂರು ಭೂಕಂದಾಯ ಕಾಯ್ದೆ ಜಾರಿಯಾಗುವವರೆಗೆ ಇಲ್ಲಿ ಮುಂಬಯಿ ಪದ್ಧತಿಯ ನಮೂನೆಗಳು ನಡೆಯುತ್ತಿದ್ದವು. ಇದು ಗೊತ್ತಿಲ್ಲದೆ 1950ರ ಪಹಣಿ ಕೊಡಿ ಎಂದು ಕೇಳಿದರೆ ಹೊಸ ಗುಮಾಸ್ತ ಸಿಗುವುದಿಲ್ಲ ಎಂದುಬಿಡುತ್ತಾನೆ. ಆಗಿನ ಸಾತ್‌ಬಾರಾ, ಅಂದರೆ ಏಳು-ಹನ್ನೆರಡರ ಉತಾರ ಕೇಳಿ. ಹಕ್ಕು ಬದಲಾವಣೆ ಆರನೆಯ ನಮೂನೆಯಲ್ಲಿ, ವಾರಸಾ ಪ್ರಕರಣಗಳು ಆರು-ಸಿ ನಮೂನೆಯಲ್ಲಿ ಇರುತ್ತವೆ. ಆರು-ಸಿ ಸಿಕ್ಕರೆ ಅದೃಷ್ಟ. ಒಂದು ಸಾವು, ಅದರ ತಾರೀಖು, ಬಿಟ್ಟುಹೋದವರೆಲ್ಲರ ಹೆಸರು ಒಂದೇ ಸಾಲಿನಲ್ಲಿ ಇರುತ್ತವೆ.

ಹಕ್ಕು ದಾಖಲೆಯ ಪದ್ಧತಿ ಮುಂಬಯಿ ಪ್ರಾಂತದಲ್ಲಿ ಶುರುವಾದದ್ದೇ 1903ರ ಕಾಯ್ದೆಯಿಂದ. ಡೈರಿಗಳ ಸರಪಳಿ ಸಾಮಾನ್ಯವಾಗಿ ಅದರ ನಂತರದ ವರ್ಷಗಳಲ್ಲಿ ಎಲ್ಲಿಯೋ ಮುಗಿಯುತ್ತದೆ. ಮೊದಲ ಡೈರಿಯಲ್ಲಿ ಖಾತೆದಾರನಾಗಿದ್ದವನು ಆಗ ಐವತ್ತು ದಾಟಿದ್ದರೆ, ನೀವು 1850ರ ಆಸುಪಾಸಿನಲ್ಲಿ ಹುಟ್ಟಿದ ಮನುಷ್ಯನನ್ನು ತಲುಪಿದಂತೆ. ಅದರಾಚೆಗೆ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯ ಹಳೆಯ ಸರ್ವೆ ಕಾಗದಗಳು ಸ್ವಲ್ಪ ನೆರವಾಗುತ್ತವೆ: ಪ್ರತಿಬುಕ್, ಆಕಾರಬಂದ್, ಟಿಪ್ಪಣಿ.

*ನಂಬರೂ ಬದಲಾಗುತ್ತದೆ, ಎಚ್ಚರ.* ಮೊದಲ ಸರ್ವೆ ಆದ ಸುಮಾರು ಮೂವತ್ತು ವರ್ಷಗಳ ನಂತರ ಮರು ಸರ್ವೆ ಆಯಿತು. ಕಾಗದಗಳಲ್ಲಿ ಕಾಣುವ ರಿ.ಸ.ನಂ. ಆ ಮರು ಸರ್ವೆಯ ನಂಬರು. ಕೆಲವು ಊರುಗಳಲ್ಲಿ 1947ರ ತುಂಡು ಜಮೀನು ತಡೆ ಮತ್ತು ಒಟ್ಟುಗೂಡಿಸುವ ಕಾಯ್ದೆಯ ಮೇಲೆ ಬ್ಲಾಕ್ ನಂಬರುಗಳು ಬಂದವು. ಸಂಸ್ಥಾನಗಳ ಊರುಗಳಲ್ಲಿ ನಂಬರಿನ ಲೆಕ್ಕ ಮತ್ತೆ ಬೇರೆ. ವಿಸ್ತೀರ್ಣ ಮತ್ತು ಆಕಾರ (ಕಂದಾಯದ ಮೊತ್ತ) ಇದ್ದಕ್ಕಿದ್ದಂತೆ ಹೊಂದದೆ ಹೋದರೆ, ಅಥವಾ ಖಾತೆದಾರನ ಅಡ್ಡಹೆಸರು ಖರೀದಿಯ ಸುಳಿವಿಲ್ಲದೆ ಬದಲಾದರೆ, ನೀವು ಬೇರೆಯವರ ಹೊಲಕ್ಕೆ ಕಾಲಿಟ್ಟಿದ್ದೀರಿ. ಹಳೆ ನಂಬರು ಹೊಸ ನಂಬರುಗಳ ತಾಳೆಪಟ್ಟಿ ನೋಡುವವರೆಗೆ ಮುಂದೆ ಹೋಗಬೇಡಿ.

ಇನ್ನೊಂದು ಮಾತು. ಹಳೆಯ ಡೈರಿಗೆ ಅರ್ಜಿ ಹಾಕಿದ ಸುದ್ದಿ ನೀವು ಊರು ಮುಟ್ಟುವುದರೊಳಗೆ ಊರು ಮುಟ್ಟಿರುತ್ತದೆ. ಪಾಲು ಕೇಳಲು ಬಂದಿದ್ದಾನೆ ಎಂದು ಅಣ್ಣತಮ್ಮಂದಿರು ಮುಖ ತಿರುಗಿಸಿದರೆ ಅವರ ಮನೆಯ ಟ್ರಂಕು ನಿಮಗೆ ಶಾಶ್ವತವಾಗಿ ಮುಚ್ಚಿದಂತೆ. ಅರ್ಜಿ ಹಾಕುವ ಮುಂಚೆಯೇ ಹೋಗಿ, ಏನು ಮಾಡುತ್ತಿದ್ದೀರಿ ಎಂದು ಹೇಳಿ.

ಹಂತ 4: ಡೈರಿಯ ಸಾಲುಗಳನ್ನು ಓದುವುದು

ಕಾಗದ ಸಿಕ್ಕಿತು ಎಂದರೆ ಅರ್ಥವಾಯಿತು ಎಂದಲ್ಲ. "ಬಿನ್" ಎಂದರೆ ಮಗ, "ಕೋಂ" ಎಂದರೆ ಹೆಂಡತಿ, "ಮಯತ" ಎಂದರೆ ತೀರಿಕೊಂಡವನು ಎಂಬುದು ಹಲವರಿಗೆ ಗೊತ್ತು. "ಏ.ಕು.ಮ್ಯಾ." ಎಂದರೆ ಏಕತ್ರ ಕುಟುಂಬದ ಮ್ಯಾನೇಜರ್. ಇದು ಕಂಡರೆ ಅಣ್ಣನೊಬ್ಬನ ಹೆಸರು ಬರೆದು ತಮ್ಮಂದಿರನ್ನು ಬಿಟ್ಟಿದ್ದಾರೆ ಎಂದು ತಿಳಿಯಿರಿ. ಹೆಸರಿನ ಪಕ್ಕದಲ್ಲಿ "ಅಜ್ಞಾನ" ಎಂದಿದ್ದರೆ ವಯಸ್ಸಿಗೆ ಬಾರದ ಮಗು, ಜೊತೆಗೆ ಪಾಲನಕರ್ತಳಾಗಿ ತಾಯಿಯ ಹೆಸರು ಇರುತ್ತದೆ. ಮುತ್ತಜ್ಜಿಯ ಹೆಸರು ಹೊರಬರುವುದು ಬಹಳ ಸಲ ಈ ಒಂದೇ ಸಾಲಿನಲ್ಲಿ.

ಹೆಚ್ಚು ಜನ ಎಡವುವುದು ದತ್ತಕದಲ್ಲಿ. ದತ್ತಕ ಹೋದವನ ತಂದೆಯ ಹೆಸರು ಅಲ್ಲಿಂದ ಮುಂದೆ ಬದಲಾಗುತ್ತದೆ, ಅಡ್ಡಹೆಸರೂ ಬದಲಾಗಬಹುದು. ಶಾಲೆಯ ದಾಖಲೆಯಲ್ಲಿ ಹೆತ್ತ ತಂದೆ, ಡೈರಿಯಲ್ಲಿ ದತ್ತಕ ತಂದೆ ಇದ್ದರೆ ಇಬ್ಬರು ಬೇರೆ ಬೇರೆ ಮನುಷ್ಯರು ಎಂದು ತೀರ್ಮಾನಿಸಿ ಸರಿಯಾದ ಕಾಗದವನ್ನೇ ಬಿಸಾಡಿದವರಿದ್ದಾರೆ. ಹೆಂಡತಿಯ ತವರಿನ ಹೊಲ ಅಳಿಯನ ಮಕ್ಕಳ ಹೆಸರಿಗೆ ಬಂದಿದ್ದರೆ ಮನೆಯಳಿಯನ ಕಥೆ ಇರಬಹುದು. ಒಬ್ಬನಿಗೆ ಇಬ್ಬರು ಹೆಂಡಿರು, ಉಡಿಕೆಯಾಗಿ (ಮರುಮದುವೆಯಾಗಿ) ಬಂದವಳು, ಅವಳ ಮೊದಲ ಗಂಡನ ಮಕ್ಕಳು ಎಲ್ಲವೂ ಡೈರಿಯಲ್ಲಿ ಸಂಕೋಚವಿಲ್ಲದೆ ಬರೆದಿರುತ್ತವೆ. ಮನೆಯ ಹಿರಿಯರು ಹೇಳದೆ ಬಿಟ್ಟದ್ದು ಅಲ್ಲಿ ಸಿಕ್ಕರೆ ಎಲ್ಲರ ಮುಂದೆ ಓದಿ ಹೇಳಬೇಡಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮುಂಚಿನ ವಾರಸಾ ಡೈರಿಗಳಲ್ಲಿ ಗಂಡುಮಕ್ಕಳಿದ್ದ ಮನೆಯ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಹೆಸರಿಲ್ಲ ಎಂದರೆ ಹೆಣ್ಣುಮಕ್ಕಳೇ ಇರಲಿಲ್ಲ ಎಂದು ಬರೆಯಬೇಡಿ. ಅವರನ್ನು ನಂತರದ ಹಕ್ಕುಸೋಡ ಪತ್ರಗಳಲ್ಲಿ ಹುಡುಕಿ, ಗಂಡನ ಹೆಸರು ಮತ್ತು ಊರಿನ ಸಮೇತ ಸಿಗುತ್ತಾರೆ.

ಹಂತ 5: ಜನನ, ಮರಣ, ಶಾಲೆ

ಸಾವಿನ ತಾರೀಖು ಡೈರಿಯಿಂದ ಗೊತ್ತಾದ ಮೇಲೆ ಮಾತ್ರ ಮರಣ ರಜಿಸ್ಟರಿಗೆ ಹೋಗಿ. ವರ್ಷ ಗೊತ್ತಿಲ್ಲದೆ ಅದನ್ನು ತೆರೆಯಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಗೆ ಮುಂಚೆ ಹಳ್ಳಿಗಳಲ್ಲಿ ಪೊಲೀಸ್ ಪಾಟೀಲನ ಮೂಲಕ ಬರೆದ ರಜಿಸ್ಟರುಗಳಿದ್ದವು. ಉಳಿದಿದ್ದರೆ ಅವು ತಾಲ್ಲೂಕು ಕಚೇರಿಯಲ್ಲಿಯೇ ಇರುತ್ತವೆ. ಪಟ್ಟಣಗಳದ್ದು ನಗರಸಭೆ, ಪುರಸಭೆಗಳಲ್ಲಿ. ಜನನದ ಸಾಲಿನಲ್ಲಿ ಮಗುವಿಗೆ ಹೆಸರೇ ಇರುವುದಿಲ್ಲ, "ಗಂಡು" ಎಂದಷ್ಟೇ ಇರುತ್ತದೆ. ಹಾಗಾಗಿ ತಂದೆಯ ಹೆಸರಿನಿಂದ ಹುಡುಕಬೇಕು.

ಊರಿನ ಹಳೆಯ ಕನ್ನಡ ಶಾಲೆ ಅಥವಾ ಮರಾಠಿ ಶಾಲೆಯ ಜನರಲ್ ರಜಿಸ್ಟರ್ ಬಹಳ ಜನ ಮರೆಯುವ ಗಣಿ. ಹೆಸರು, ಅಡ್ಡಹೆಸರು, ಜಾತಿ, ಹುಟ್ಟಿದ ಊರು, ಹಿಂದಿನ ಶಾಲೆ, ಶಾಲೆ ಬಿಟ್ಟ ಕಾರಣ ಎಲ್ಲವೂ ಅದರಲ್ಲಿರುತ್ತದೆ. ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಟ್ಟು, ಪರೀಕ್ಷೆಯ ದಿನಗಳನ್ನು ಬಿಟ್ಟು ಹೋಗಿ.

ಒಂದು ಎಚ್ಚರಿಕೆ: ಜನ್ಮ ದಿನಾಂಕ ಜೂನ್ 1 ಎಂದಿದ್ದರೆ ಅದನ್ನು ನಂಬಬೇಡಿ. ಶಾಲೆ ಶುರುವಾಗುವ ಜೂನ್ ತಿಂಗಳ ಮೊದಲ ದಿನವನ್ನೇ ಮಾಸ್ತರರು ಅರ್ಧ ಊರಿಗೆ ಹುಟ್ಟಿದ ದಿನವಾಗಿ ಕೊಟ್ಟಿದ್ದಾರೆ. ವರ್ಷವೂ ಅಂದಾಜು.

ಹಂತ 6: ನೋಂದಣಿ ಕಚೇರಿ, ನ್ಯಾಯಾಲಯ

ಹೊಲ ಖರೀದಿಯಿಂದ ಬಂದಿದ್ದರೆ ಅಥವಾ ವಾಟ್ನಿ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಹಳೆಯ ವರ್ಷಗಳಿಗೆ ಕೈಬರಹದ ಸೂಚಿ ಪುಸ್ತಕಗಳಿವೆ, ಒಂದು ವ್ಯಕ್ತಿಯ ಹೆಸರಿನಿಂದ, ಇನ್ನೊಂದು ಆಸ್ತಿಯಿಂದ. ಶುಲ್ಕ ಎಷ್ಟು ವರ್ಷ ಹುಡುಕಿಸುತ್ತೀರಿ ಎಂಬುದರ ಮೇಲೆ ನಿಂತಿದೆ, ಆದ್ದರಿಂದ ಡೈರಿಯಿಂದ ವರ್ಷ ಹಿಡಿದೇ ಹೋಗಿ.

ಪತ್ರ ಸಿಕ್ಕಾಗ ಮೊದಲು ಚಕಬಂದಿ ಓದಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು ಎಂಬುದು ಇಪ್ಪತ್ತು ವರ್ಷ ಹಿಂದಿನ ಪತ್ರದ ಚಕಬಂದಿಗೆ ಹೊಂದಿದರೆ ನೀವು ಹಿಡಿದ ಬಸಪ್ಪನೇ ನಿಮ್ಮ ಬಸಪ್ಪ. ಸಾಕ್ಷಿದಾರರನ್ನೂ ಗುರುತು ಹಾಕಿ. ಸಾಕ್ಷಿ ಹಾಕಿದವರು ಹೆಚ್ಚಾಗಿ ಬೀಗರು, ಸೋದರಮಾವಂದಿರು. ಸಹಿ ಇದೆಯೇ ಹೆಬ್ಬೆಟ್ಟಿನ ಗುರುತೇ ಎಂಬುದೂ ಆ ಮನುಷ್ಯನ ಬದುಕಿನ ಒಂದು ಸಂಗತಿ, ಬರೆದುಕೊಳ್ಳಿ.

ಮನೆಯಲ್ಲಿ ಹಿಂದೆ ವ್ಯಾಜ್ಯ ನಡೆದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಹುಡುಕುವವನಿಗೆ ಅದು ಲಾಭ. ಪಾಲಿನ ದಾವೆಯಲ್ಲಿ ವಂಶಾವಳಿಯನ್ನು ಒಪ್ಪಿಸಲೇಬೇಕು, ಎದುರು ಪಕ್ಷ ಅದನ್ನು ಜಗ್ಗಾಡಿ ನೋಡಿರುತ್ತದೆ. ತೀರ್ಪು ಮತ್ತು ಡಿಕ್ರಿಯ ನಕಲಿಗೆ ಅರ್ಜಿ ಹಾಕಿ.

ಹಂತ 7: ವತನ, ಇನಾಂ, ಮೋಡಿ ಕಾಗದ

1903ರಾಚೆಗೆ ಹೋಗಬೇಕಾದರೆ ಮನೆತನಕ್ಕೆ ವತನ (ಊರಿನ ಚಾಕರಿಗಾಗಿ ವಂಶದಲ್ಲಿ ಬರುತ್ತಿದ್ದ ಹುದ್ದೆ, ಹೊಲ) ಅಥವಾ ಇನಾಂ (ಕಂದಾಯದ ಮಾಫಿ ಇಲ್ಲವೇ ರಿಯಾಯಿತಿಯ ದತ್ತಿ ಹೊಲ) ಇತ್ತೇ ಎಂದು ನೋಡಿ. ಗೌಡಕಿ, ಕುಲಕರ್ಣಿಕೆ ಮಾತ್ರ ವತನವಲ್ಲ. ತಳವಾರ, ವಾಲೀಕಾರ, ಸನದಿ, ಹಾಗೆಯೇ ಊರಿನ ಚಾಕರಿ ಮಾಡಿದ ದಲಿತ ಮನೆತನಗಳಿಗೂ ವತನದ ಹೊಲಗಳಿದ್ದವು. 1874ರ ಮುಂಬಯಿ ವತನ ಕಾಯ್ದೆಯ ಕಾಲದಲ್ಲಿ ವತನದಾರನ ಸರದಿ ನಿರ್ಧರಿಸಲು ವಂಶಾವಳಿ ಬೇಕಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯ ನಂತರ ಹೊಲವನ್ನು ಮರುಮಂಜೂರು ಮಾಡುವಾಗ ಮತ್ತೆ ಬೇಕಾಯಿತು. ಹೀಗಾಗಿ ಮರುಮಂಜೂರಿಯ ಕಡತದಲ್ಲಿ ನಾಲ್ಕೈದು ತಲೆಮಾರು ಒಟ್ಟಿಗೇ ಕುಳಿತಿರುತ್ತವೆ. ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಆ ಕಡತ ಕೇಳಿ.

ಇನಾಂ ಇದ್ದವರು ಇನ್ನೂ ಹಿಂದೆ ಹೋಗಬಹುದು. 1852ರ ಇನಾಂ ಕಮಿಷನ್ ಸನದು (ದತ್ತಿಯ ಅಧಿಕಾರಪತ್ರ) ಯಾರಿಂದ ಬಂತು, ಯಾರಿಂದ ಯಾರಿಗೆ ಇಳಿಯಿತು ಎಂದು ಪ್ರತಿ ಮನೆಯನ್ನೂ ಕೆದಕಿ ಕೇಳಿತ್ತು. ಆ ಕಾಗದಗಳು, ಪೇಶ್ವೆ ದಫ್ತರದ ಜೊತೆಗೆ, ಪುಣೆಯ ಪುರಾಭಿಲೇಖಾಗಾರದಲ್ಲಿವೆ. ಮುಂಬಯಿ ಸರ್ಕಾರದ ಕಡತಗಳು ಮುಂಬಯಿಯಲ್ಲಿ, ಕೊಲ್ಹಾಪುರ ಸಂಸ್ಥಾನದ್ದು ಕೊಲ್ಹಾಪುರದಲ್ಲಿ.

ಇವುಗಳಲ್ಲಿ ಮರಾಠಿಯ ಹಳೆಯ ಕಾಗದಗಳು ಹೆಚ್ಚಾಗಿ ಮೋಡಿ ಎಂಬ ಕೂಡುಬರಹದ ಲಿಪಿಯಲ್ಲಿವೆ. ಓದಲು ಬಾರದಿದ್ದರೆ ಗಾಬರಿ ಬೇಡ. ನಿಮ್ಮ ಊರಿನ, ಅಡ್ಡಹೆಸರಿನ ಮೋಡಿ ರೂಪವನ್ನು ಮೊದಲು ಬರೆಯಿಸಿಕೊಂಡು, ಕಣ್ಣಿಗೆ ಆ ಆಕಾರವನ್ನು ರೂಢಿ ಮಾಡಿಕೊಳ್ಳಿ. ಆ ಪುಟಗಳನ್ನಷ್ಟೇ ಆರಿಸಿ ಮೋಡಿ ಬಲ್ಲವರಿಗೆ ಕೊಟ್ಟರೆ ಖರ್ಚು ಕಡಿಮೆ.

ಇಸವಿಯ ಲೆಕ್ಕದಲ್ಲಿ ಎಡವಬೇಡಿ. ಶಾಲಿವಾಹನ ಶಕೆಗೆ 78 ಕೂಡಿಸಿ, ಜನವರಿಯಿಂದ ಯುಗಾದಿಯವರೆಗಿನ ದಿನವಾದರೆ 79. ದಖನಿನ ಫಸಲಿಗೆ (ಕಂದಾಯ ವರ್ಷಕ್ಕೆ) 590 ಕೂಡಿಸಿದರೆ ಆ ಫಸಲಿ ಶುರುವಾದ ಜೂನ್ ತಿಂಗಳಿನ ಇಸವಿ ಬರುತ್ತದೆ: ಫಸಲಿ 1286 ಎಂದರೆ 1876-77, ಕಲಾದಗಿ ಜಿಲ್ಲೆಯನ್ನು ಬರಿದು ಮಾಡಿದ ಬರದ ವರ್ಷ. ಪೇಶ್ವೆ ಕಾಲದ ಸುಹೂರ್ ಸನ್ನಿಗೆ 599, ಜನವರಿಯಿಂದ ಮೇವರೆಗೆ 600. ಬರೀ ಸಂವತ್ಸರದ ಹೆಸರಿದ್ದರೆ ಅರವತ್ತು ವರ್ಷಗಳಷ್ಟು ತಪ್ಪುವ ಅಪಾಯವಿದೆ. ಕ್ರೋಧಿ 1904ರಲ್ಲಿಯೂ ಬಂತು, 1844ರಲ್ಲಿಯೂ ಬಂತು.

ಹಂತ 8: ಹೊಲವಿಲ್ಲದವರ, ಮುಳುಗಿದ ಊರಿನವರ ದಾರಿ

ಗೇಣಿಗೆ ಉಳುತ್ತಿದ್ದವರು 1974ರ ಭೂಸುಧಾರಣೆ ತಿದ್ದುಪಡಿಯ ಮೇಲೆ ಕೊಟ್ಟ ನಮೂನೆ 7ರ ಅರ್ಜಿಗಳನ್ನು ಹುಡುಕಬೇಕು. ಭೂ ನ್ಯಾಯಮಂಡಳಿಯ ಕಡತದಲ್ಲಿ ಅರ್ಜಿದಾರನ ಜಬಾನಿ ಇರುತ್ತದೆ, ಅಜ್ಜನ ಕಾಲದಿಂದ ಯಾವ ಹೊಲ, ಯಾರ ಕೈಕೆಳಗೆ, ಏನು ಕೊಡುತ್ತಿದ್ದೆವು ಎಂದು ಅವನದೇ ಮಾತಿನಲ್ಲಿ. ನನಗೆ ಕೇಳಿದರೆ ಇಡೀ ತಾಲ್ಲೂಕು ಕಚೇರಿಯಲ್ಲಿ ಓದಲು ಇಷ್ಟು ಜೀವವಿರುವ ಕಾಗದ ಬೇರೆ ಇಲ್ಲ.

ಇಳಕಲ್ಲು, ಗುಳೇದಗುಡ್ಡದ ನೇಕಾರರಂಥ ಪೇಟೆಯ ಮನೆತನಗಳಿಗೆ ಪುರಸಭೆಯ ಮನೆ ತೆರಿಗೆ ಪುಸ್ತಕ, ಸಹಕಾರ ಸಂಘದ ಸದಸ್ಯರ ಪಟ್ಟಿ, ಸಿಟಿ ಸರ್ವೆ ಆದ ಊರಾದರೆ ಸಿ.ಟಿ.ಎಸ್. ನಂಬರಿನ ಹಳೆಯ ವಿಚಾರಣಾ ಪುಸ್ತಕ ಇವೆ. ಮುಸ್ಲಿಂ ಮನೆತನಗಳು ಕಾಜಿಯವರ ನಿಕಾಹ್ ಪುಸ್ತಕ, ಕ್ರೈಸ್ತರು ಚರ್ಚಿನ ದೀಕ್ಷಾಸ್ನಾನದ ಪುಸ್ತಕ ನೋಡಲಿ. ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ 1851ರಿಂದಲೇ ಇತ್ತು.

ಪಲ್ಟನ್ನಿಗೆ ಹೋದವನು ಯುದ್ಧದಲ್ಲಿ ಮಡಿದಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಿ. 1914ರಿಂದ 1921, 1939ರಿಂದ 1947ರವರೆಗಿನ ಹೆಸರುಗಳಿವೆ, ಹಲವರಿಗೆ ತಂದೆಯ ಹೆಸರು, ಊರು ಸಹ. ಬದುಕಿ ಬಂದವನಾದರೆ ಅವನ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬೇಕು. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿಯೇ ಇದೆ. ಸೈನಿಕನ ನಂಬರು ಇಲ್ಲದೆ ಹೋದರೆ ಕೆಲಸ ಆಗುವುದಿಲ್ಲ, ಹಳೆಯ ಪದಕದ ಅಂಚಿನಲ್ಲಿ ಅದು ಕೆತ್ತಿರಬಹುದು.

ಆಲಮಟ್ಟಿ, ಹಿಡಕಲ್, ನವಿಲುತೀರ್ಥ ಹಿನ್ನೀರಿನಲ್ಲಿ ಊರು ಹೋದವರು ಕೈಚೆಲ್ಲುವುದು ಬೇಡ. ಮುಳುಗಡೆ ಆದದ್ದರಿಂದಲೇ ಅವರ ದಾಖಲೆ ಚೆನ್ನಾಗಿದೆ. ಭೂಸ್ವಾಧೀನದ ಐತೀರ್ಪಿನಲ್ಲಿ (ಪರಿಹಾರದ ಆದೇಶದಲ್ಲಿ) ಪ್ರತಿ ಸರ್ವೆ ನಂಬರು, ಪ್ರತಿ ಮನೆ, ಪರಿಹಾರಕ್ಕೆ ಹಕ್ಕುದಾರರಾದ ವಾರಸುದಾರರ ಹೆಸರು ಇರುತ್ತದೆ. ಸಂಬಂಧಪಟ್ಟ ಭೂಸ್ವಾಧೀನಾಧಿಕಾರಿ ಕಚೇರಿಯಲ್ಲಿ ಕೇಳಿ, ಕೃಷ್ಣಾ ಮೇಲ್ದಂಡೆಯದಾದರೆ ಬಾಗಲಕೋಟೆಯಲ್ಲಿ.

ಹಂತ 9: ಹೆಳವರು ಮತ್ತು ಕ್ಷೇತ್ರದ ವಹಿಗಳು

ಇದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಮೊದಲೇ ಹೆಳವರ ಬಳಿ ಹೋದವರು ಅವರು ಓದಿದ್ದೆಲ್ಲವನ್ನೂ ಒಪ್ಪುತ್ತಾರೆ, ಇಲ್ಲವೇ ಎಲ್ಲವನ್ನೂ ತಳ್ಳಿಹಾಕುತ್ತಾರೆ. ಡೈರಿಯಿಂದ ನಾಲ್ಕು ತಲೆಮಾರು ಕೈಯಲ್ಲಿದ್ದರೆ ತಾಳೆ ನೋಡಲು ಬರುತ್ತದೆ.

ಸುಗ್ಗಿಯ ನಂತರ ಎತ್ತಿನೊಂದಿಗೆ ಬಂದು ಮನೆತನದ ಹೆಸರುಗಳನ್ನು ಹಾಡಿ ಹೇಳುವ ಹೆಳವರಿಗೆ ಊರು, ಮನೆತನಗಳು ಹಂಚಿಕೆಯಾಗಿರುತ್ತವೆ. ನಿಮ್ಮ ಬೆಡಗಿನ ಬೇರೆ ಮನೆಗಳಿಗೆ ಯಾರು ಬರುತ್ತಾರೆ ಎಂದು ಕೇಳಿ ಅವರನ್ನೇ ಹಿಡಿಯಿರಿ. ಓದುವ ಮುಂಚೆ ನಿಮಗೆ ಗೊತ್ತಿರುವ ಹೆಸರುಗಳನ್ನು ಹೇಳಬೇಡಿ. ಒಪ್ಪಿಗೆ ಕೇಳಿ ಪೂರ್ತಿ ಓದನ್ನು ಧ್ವನಿಮುದ್ರಿಸಿ, ಪದ್ಧತಿಯ ಕಾಣಿಕೆ ಕೊಡಿ, ಚೌಕಾಸಿ ಬೇಡ. ಇತ್ತೀಚಿನ ಐದಾರು ತಲೆಮಾರು, ಮನೆತನ ಯಾವ ಊರಿನಿಂದ ಯಾವ ಊರಿಗೆ ಬಂತು ಎಂಬ ಭಾಗ ಬೆಲೆಯುಳ್ಳದ್ದು. ಅದರ ಹಿಂದಿನದು ಕ್ರಮೇಣ ಪುರಾಣಕ್ಕೆ ಸೇರುತ್ತದೆ.

ನಾಸಿಕ, ತ್ರ್ಯಂಬಕೇಶ್ವರ, ಪಂಢರಪುರ, ಕಾಶಿಗೆ ಹೋದ ಹಿರಿಯರಿದ್ದರೆ ಅಲ್ಲಿನ ಕ್ಷೇತ್ರೋಪಾಧ್ಯಾಯರ ವಹಿಯಲ್ಲಿ ಊರಿನ ಹೆಸರಿನಿಂದ ಹುಡುಕಿಸಿ. ಹೋದವನೇ ಬರೆಯಿಸಿದ ತಂದೆ, ಅಜ್ಜ, ತಮ್ಮಂದಿರ ಹೆಸರುಗಳು ಅವು.

ಹಂತ 10: ತಾಳೆ ಹಾಕುವುದು

ಒಂದು ಅಗಲ ಹಾಳೆಯಲ್ಲಿ ವರ್ಷವಾರು ಸಾಲು ಬರೆಯಿರಿ. ಎದುರಿಗೆ ಆ ವರ್ಷದ ಸಂಗತಿ, ದಾಖಲೆ. ಕೆಳಗಿನವು ಕಂಡರೆ ನಿಲ್ಲಿ: ಮಯತ ಎಂದು ಬರೆದ ಮೇಲೆ ಅದೇ ಮನುಷ್ಯ ಸಹಿ ಹಾಕಿದ್ದಾನೆ, ತಂದೆ ಮಗನ ನಡುವೆ ಹದಿನೈದು ವರ್ಷಕ್ಕಿಂತ ಕಡಿಮೆ ಅಥವಾ ಅರವತ್ತಕ್ಕಿಂತ ಹೆಚ್ಚು ಅಂತರವಿದೆ, ಅಡ್ಡಹೆಸರು ಕಾರಣವಿಲ್ಲದೆ ಬದಲಾಗಿದೆ, ಎರಡು ಖಾತೆಗಳಲ್ಲಿ ಒಂದೇ ಹೆಸರು ಒಂದೇ ವರ್ಷ ಇದೆ. ಮೊದಲ ಮೂರಕ್ಕೆ ಹೆಚ್ಚಾಗಿ ಅಜ್ಜ ಮೊಮ್ಮಗ ಇಬ್ಬರನ್ನು ಒಬ್ಬನೆಂದುಕೊಂಡದ್ದು ಅಥವಾ ದತ್ತಕ ಕಾರಣ. ನಾಲ್ಕನೆಯದಕ್ಕೆ ಚಕಬಂದಿ ಮತ್ತು ತಾಯಿಯ ಹೆಸರಿನಿಂದ ಬೇರ್ಪಡಿಸಿ.

ಎರಡು ಬೇರೆ ಬೇರೆ ಕಚೇರಿಯ ದಾಖಲೆಗಳು ಹೊಂದಿದ ತಲೆಮಾರನ್ನು ಶಾಯಿಯಲ್ಲಿ, ಒಂದೇ ದಾಖಲೆ ಇರುವುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಮನೆಮಾತು ಮಾತ್ರ ಇದ್ದರೆ ಹೇಳಿದವರ ಹೆಸರನ್ನು ಪಕ್ಕದಲ್ಲಿ ಹಾಕಿ.

ಕಚೇರಿ "ಇಲ್ಲ" ಎಂದಾಗ

"ಹುಳ ತಿಂದಿದೆ", "ಮಳೆಗೆ ನೆನೆದಿದೆ" ಎಂಬ ಬಾಯಿಮಾತಿನ ಉತ್ತರ ತೆಗೆದುಕೊಳ್ಳಬೇಡಿ. ಲಿಖಿತ ಹಿಂಬರಹ ಕೇಳಿ. ಅರ್ಧದಷ್ಟು ಸಲ ಹಿಂಬರಹ ಬರೆಯುವ ಹೊತ್ತಿಗೆ ಪುಸ್ತಕ ಸಿಕ್ಕಿರುತ್ತದೆ. ಅದೂ ಆಗದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ, ಮೂವತ್ತು ದಿನದ ಗಡುವು. ವಂಶಾವಳಿ ತಯಾರಿಸಿಕೊಡಿ ಎಂದು ಕೇಳಿದರೆ ತಿರಸ್ಕಾರವಾಗುತ್ತದೆ, ಇಂಥ ಗ್ರಾಮದ ಇಂಥ ನಮೂನೆಯ ಇಂಥ ಪುಟದ ಪ್ರತಿ ಎಂದು ಕೇಳಬೇಕು. ಖಾಸಗಿ ಮಾಹಿತಿ ಎಂದು ನಿರಾಕರಿಸಿದರೆ, ಇಪ್ಪತ್ತು ವರ್ಷಕ್ಕಿಂತ ಹಳೆಯ ಸಂಗತಿಗಳಿಗೆ ಆ ವಿನಾಯಿತಿ ನಿಲ್ಲುವುದಿಲ್ಲ ಎಂದು ಕಾಯ್ದೆಯ 8(3)ನೆಯ ಕಲಮನ್ನು ಮೇಲ್ಮನವಿಯಲ್ಲಿ ಎತ್ತಿ ತೋರಿಸಿ.

ಮನೆಯಲ್ಲಿ ಸಿಕ್ಕ ಮೂಲ ಕಾಗದಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಮಡಿಕೆ ಬಿಡಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಯಾರ ಮನೆಯಲ್ಲಿ ಸಿಕ್ಕಿತೋ ಅವರ ಮನೆಯಲ್ಲಿಯೇ ಒಣ ಜಾಗದಲ್ಲಿಡಿ. ಫೋಟೊಗಳ ಒಂದೊಂದು ಪ್ರತಿಯನ್ನು ಅಣ್ಣತಮ್ಮಂದಿರ, ಅಕ್ಕತಂಗಿಯರ ಎಲ್ಲ ಮನೆಗಳಿಗೂ ಕೊಡಿ, ಕಡತದ ಹೆಸರಿನಲ್ಲಿ ಊರು, ಸರ್ವೆ ನಂಬರ್, ಇಸವಿ ಬರೆದು.